ಇನ್ಸುಲಿನ್ನಿನ ಪೂರ್ವರೂಪವೂ ಏಕಮೂಲ ಪ್ರತಿಕಾಯಗಳೂ

ಹೈದರಾಬಾದಿನ ಸಮೀಪದ 29 ಹಳ್ಳಿಗಳಲ್ಲಿ 1987ರಿಂದ 1990ರವರೆಗೆ ಒಂದು ಪೋಷಣ ಪ್ರಯೋಗ ನಡೆಯಿತು. ನಗರದ ರಾಷ್ಟ್ರೀಯ ಪೋಷಣ ಸಂಸ್ಥೆಯ ಈ ಕಾರ್ಯದಲ್ಲಿ 15 ಹಳ್ಳಿಗಳ ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಪೂರಕ ಆಹಾರ ದೊರೆಯಿತು. ಉಳಿದ 14 ಹಳ್ಳಿಗಳಿಗೆ ಆ ಯೋಜನೆ ಆಗ ಇನ್ನೂ ತಲಪಿರಲಿಲ್ಲ. ಅಂದಿನ ಮಕ್ಕಳು 13ರಿಂದ 18 ವರ್ಷದವರಾದಾಗ 1,165 ಮಂದಿಯನ್ನು ಮತ್ತೆ ಪರೀಕ್ಷಿಸಲಾಯಿತು. ಆಹಾರ ದೊರೆತ ಹಳ್ಳಿಗಳವರಲ್ಲಿ ಇನ್ಸುಲಿನ್ ಪ್ರತಿರೋಧದ ಸೂಚ್ಯಂಕವು ಸುಮಾರು ಶೇಕಡ 20ರಷ್ಟು ಕಡಮೆಯಾಗಿದ್ದಿತೆಂಬ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಈ ಸೂಚ್ಯಂಕವನ್ನು ಉಪವಾಸದ ರಕ್ತದಲ್ಲಿರುವ ಸಕ್ಕರೆ, ಇನ್ಸುಲಿನ್ ಎಂಬ ಎರಡರ ಪ್ರಮಾಣದಿಂದ ಗಣಿಸುತ್ತಾರೆ. ಸಕ್ಕರೆಯನ್ನು ಅಳೆಯುವುದು ಸುಲಭ. ಆದರೆ ಇನ್ಸುಲಿನ್ನೆಂದು ಅಳತೆಗೆ ಸಿಕ್ಕುವುದೆಲ್ಲವೂ ಇನ್ಸುಲಿನ್ನೇ ಹೌದೆ? ಈ ಸಂದೇಹ ಹುಟ್ಟಿದ ಬಗೆಯೂ ಅದು ಪರಿಹಾರವಾದ ಬಗೆಯೂ ಅರಿಯತಕ್ಕ ವಿಷಯಗಳಾಗಿವೆ.

ಇನ್ಸುಲಿನ್ ಎಂಬ ಹಾರ್ಮೋನು ಎರಡು ಸರಪಣಿಗಳಿಂದಾದುದು. 'ಎ' ಸರಪಣಿಯಲ್ಲಿ 21, 'ಬಿ' ಸರಪಣಿಯಲ್ಲಿ 30, ಒಟ್ಟು 51 ಅಮೈನೋ ಆಮ್ಲಗಳಿವೆ. ಆದರೆ ಮೇದೋಜೀರಕ ಗ್ರಂಥಿಯ ಕೋಶಗಳು ಅದನ್ನು ನೇರವಾಗಿ ಈ ರೂಪದಲ್ಲಿ ರಚಿಸುವುದಿಲ್ಲ. 86 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರಪಣಿ ಮೊದಲು ಸಿದ್ಧವಾಗುತ್ತದೆ. 'ಬಿ' ಮತ್ತು 'ಎ' ಭಾಗಗಳ ನಡುವೆ 31 ಅಮೈನೋ ಆಮ್ಲಗಳ 'ಸಿ' ಎಂಬ ಕೊಂಡಿಯಿದ್ದು, ಅದರ ಒಂದೊಂದು ತುದಿಯಲ್ಲಿಯೂ ಎರಡೆರಡು ಅಮೈನೋ ಆಮ್ಲಗಳ ಬೆಸುಗೆಯಿರುತ್ತದೆ. ಕಿಣ್ವಗಳು ಈ ಎರಡು ಬೆಸುಗೆಗಳನ್ನು ಕತ್ತರಿಸಿ ಕೊಂಡಿಯನ್ನು ಬೇರ್ಪಡಿಸಿದಾಗ ಇನ್ಸುಲಿನ್ ಉಳಿಯುತ್ತದೆ. ಈ ಪೂರ್ವರೂಪವನ್ನು 1967ರಲ್ಲಿ ಷಿಕಾಗೋದ ಡೊನಾಲ್ಡ್ ಸ್ಟೈನರ್ ಕಂಡುಹಿಡಿದರು. ಅದಕ್ಕೆ ಪ್ರೋಇನ್ಸುಲಿನ್ ಎಂದು ಹೆಸರು. ರಕ್ತದ ಸಕ್ಕರೆಯನ್ನು ಇಳಿಸುವ ಅದರ ಶಕ್ತಿ ಇನ್ಸುಲಿನ್ನಿನ ಶಕ್ತಿಗಿಂತ ಬಹಳ ಕಡಮೆ. ಆದರೆ ರಕ್ತದಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತದೆ.

ಇದಕ್ಕಿಂತ ಮುಂಚೆಯೇ, 1960ರ ಸುಮಾರಿನಲ್ಲಿ, ನ್ಯೂಯಾರ್ಕಿನ ಸಾಲೊಮನ್ ಬರ್ಸನ್ ಮತ್ತು ರೊಸಾಲಿನ್ ಯಾಲೋ ಅವರು ಪ್ರತಿಕಾಯಗಳ ನೆರವಿನಿಂದ ರಕ್ತದ ಇನ್ಸುಲಿನ್ನನ್ನು ಅಳೆಯುವ ವಿಧಾನವನ್ನು ರೂಪಿಸಿದ್ದರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಹುಮಾನ ಬಂದಿತು. ನಡುವಯಸ್ಸಿನ ಮಧುಮೇಹಿಗಳಲ್ಲಿ ಇನ್ಸುಲಿನ್ ಕೊರತೆಯಿರಬೇಕೆಂಬ ನಿರೀಕ್ಷೆಗೆ ವಿರುದ್ಧವಾಗಿ, ಅನೇಕರಲ್ಲಿ ಅದು ಹೆಚ್ಚೇ ಇರುವಂತೆ ಈ ಅಳತೆಯಲ್ಲಿ ಕಂಡಿತು. ಆದರೆ ಪ್ರಾಣಿಯ ರಕ್ತದಿಂದ ಪಡೆದ ಪ್ರತಿಕಾಯಗಳು ಒಂದು ಮಿಶ್ರಸಮೂಹ. ಅವುಗಳಲ್ಲಿ ಹಲವು, ಪೂರ್ವರೂಪದೊಳಗೆ ಅಡಗಿರುವ ಇನ್ಸುಲಿನ್ ಭಾಗಕ್ಕೂ ಅಂಟಿಕೊಳ್ಳುತ್ತಿದ್ದುವು. ಹೀಗೆ ಪೂರ್ವರೂಪವೂ ಇನ್ಸುಲಿನ್ನಿನ ಲೆಕ್ಕಕ್ಕೇ ಸೇರುತ್ತಿತ್ತು. ವಸೂಲಾಗದ ಚೆಕ್ಕುಗಳನ್ನು ಕೈಯಲ್ಲಿರುವ ನಗದಿನೊಡನೆ ಕೂಡಿಸಿದರೆ ಬಡವನೂ ಸಿರಿವಂತನಾಗಿ ತೋರುವನಷ್ಟೆ.

ಈ ಗೊಂದಲವನ್ನು ಬಿಡಿಸಲು ಒಂದೇ ನೆಲೆಯನ್ನು ಗುರುತಿಸುವ ಪ್ರತಿಕಾಯ ಬೇಕಾಗಿತ್ತು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಅದಕ್ಕೆ ದಾರಿ ಮಾಡಿದರು. ಇಲಿಯ ಗುಲ್ಮದಲ್ಲಿ ಪ್ರತಿಕಾಯವನ್ನು ಉತ್ಪಾದಿಸುವ ಕೋಶವನ್ನು, ಸತತವಾಗಿ ಬೆಳೆಯುವ ಅರ್ಬುದ ಕೋಶದೊಡನೆ ಕೂಡಿಸಿದರೆ, ಆ ಸಂಕರ ಕೋಶದ ಸಂತತಿಯೆಲ್ಲವೂ ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ಕೊಡುತ್ತದೆ. ಇದೇ ಏಕಮೂಲ ಪ್ರತಿಕಾಯ, ಎಂದರೆ ಮೊನೊಕ್ಲೋನಲ್ ಆಂಟಿಬಾಡಿ. 1984ರಲ್ಲಿ ಈ ಇಬ್ಬರೂ ನೀಲ್ಸ್ ಯೆರ್ನೆ ಅವರೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡರು.

ಇಂಥ ಪ್ರತಿಕಾಯವು ಪೂರ್ವರೂಪದ ಯಾವ ನೆಲೆಗೆ ಅಂಟುವುದೆಂದು ತಿಳಿಯುವ ಕ್ರಮ ಹೀಗಿದೆ. ಮೊದಲು ಅದನ್ನು ಇನ್ಸುಲಿನ್, 'ಸಿ' ಕೊಂಡಿ, ಪೂರ್ಣ ಪೂರ್ವರೂಪ, ಒಂದೇ ಬೆಸುಗೆ ಬಿಚ್ಚಿದ ಅರೆರೂಪಗಳು, ಇವುಗಳ ಎದುರು ಬೇರೆ ಬೇರೆಯಾಗಿ ಇಟ್ಟು ನೋಡುತ್ತಾರೆ. ಅನಂತರ ಪ್ರಾಣಿಗಳ ಇನ್ಸುಲಿನ್ನಿನೊಡನೆ ಹೋಲಿಸುತ್ತಾರೆ. ಹಂದಿಯ ಇನ್ಸುಲಿನ್ ಮನುಷ್ಯನದಕ್ಕಿಂತ ಒಂದು ಸ್ಥಾನದಲ್ಲಿ, ದನದ್ದು ಮೂರು ಸ್ಥಾನಗಳಲ್ಲಿ ಭಿನ್ನವಾಗಿರುವುದರಿಂದ, ಒಂದಕ್ಕೆ ಅಂಟಿ ಇನ್ನೊಂದಕ್ಕೆ ಅಂಟದಿದ್ದರೆ ನೆಲೆಯ ಸುಳಿವು ಸಿಕ್ಕುತ್ತದೆ. ಕಡೆಗೆ, ಎರಡು ಪ್ರತಿಕಾಯಗಳು ಒಂದೇ ಅಣುವಿಗೆ ಏಕಕಾಲದಲ್ಲಿ ಅಂಟಬಲ್ಲವೆ ಎಂದು ಪರೀಕ್ಷಿಸುತ್ತಾರೆ. ಅಂಟಿದರೆ ಅವುಗಳ ನೆಲೆಗಳು ಬೇರೆ; ಒಂದನ್ನೊಂದು ತಡೆದರೆ ನೆಲೆ ಒಂದೇ ಅಥವಾ ತೀರ ಹತ್ತಿರ.

ಕನ್ನಡದ ಸಂಧಿಕಾರ್ಯವನ್ನು ಬಲ್ಲವರಿಗೆ ಇದರ ತತ್ತ್ವ ಸುಲಭವೇದ್ಯ. 'ಮಳೆ', 'ಕಾಲ' ಎಂಬೆರಡು ಪದಗಳು ಕೂಡಿದಾಗ 'ಮಳೆಗಾಲ'ವಾಗುತ್ತದೆ. 'ಮಳೆ'ಯನ್ನು ಹುಡುಕುವವನಿಗೆ ಬಿಡಿಪದವೂ ಸಮಾಸವೂ ಎರಡೂ ಸಿಕ್ಕುತ್ತವೆ. 'ಗಾಲ'ವನ್ನು ಹುಡುಕುವವನಿಗೆ ಸಮಾಸ ಮಾತ್ರ, 'ಕಾಲ'ವನ್ನು ಹುಡುಕುವವನಿಗೆ ಬಿಡಿಪದ ಮಾತ್ರ ಸಿಕ್ಕುತ್ತದೆ. ಹಾಗೆಯೇ ಬೆಸುಗೆ ಅಖಂಡವಾಗಿದ್ದಾಗ ಮಾತ್ರ ಅಂಟುವ ಪ್ರತಿಕಾಯಗಳುಂಟು. ಬೆಸುಗೆ ಬಿಚ್ಚಿ 'ಎ' ಸರಪಣಿಯ ಮೊದಲ ತುದಿ ಬಿಡಿಯಾದ ಮೇಲೆ ಮಾತ್ರ ಅಂಟುವವೂ ಉಂಟು. ತಕ್ಕ ಎರಡು ಪ್ರತಿಕಾಯಗಳನ್ನು ಆರಿಸಿ, ಎರಡೂ ಅಂಟಿದ ಅಣುವನ್ನು ಮಾತ್ರ ಎಣಿಸಿದರೆ, ಇನ್ಸುಲಿನ್ ಬೇರೆ, ಪೂರ್ವರೂಪ ಬೇರೆ, ಅರೆರೂಪ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ.

ಕೇಂಬ್ರಿಜ್‌ನ ಸಿ. ಎನ್. ಹೇಲ್ಸ್ ಮತ್ತು ಅವರ ಸಂಗಡಿಗರು ಈ ಮಾರ್ಗದಿಂದ 1989ರಲ್ಲಿ ಮಹತ್ತ್ವದ ಫಲಿತಾಂಶವನ್ನು ಪ್ರಕಟಿಸಿದರು. ಗ್ಲೂಕೋಸು ಕುಡಿದ ಅರ್ಧ ಗಂಟೆಯ ಮೇಲೆ ಮಧುಮೇಹಿಗಳಲ್ಲಿ ನಿಜವಾದ ಇನ್ಸುಲಿನ್ ಆರೋಗ್ಯವಂತರಿಗಿಂತ ಕಡಮೆಯಾಗಿಯೇ ಇದ್ದಿತು. ಹಳೆಯ ಅಳತೆ ತೋರುತ್ತಿದ್ದ ಸಮೃದ್ಧಿಯಲ್ಲಿ ಪೂರ್ವರೂಪದ ಮತ್ತು ಅರೆರೂಪದ ಪಾಲಿದ್ದಿತು. ಇದರಿಂದ ಇನ್ಸುಲಿನ್ ಪ್ರತಿರೋಧವೆಂಬುದು ಸುಳ್ಳಾಗಲಿಲ್ಲ. ಅದರ ಜೊತೆಗೆ ಗ್ರಂಥಿಯ ಅಸಾಮರ್ಥ್ಯವೂ ಉಂಟೆಂಬುದು ಸ್ಪಷ್ಟವಾಯಿತು.

ಇಂಥದೇ ಪ್ರಶ್ನೆ ಕನ್ನಡನಾಡಿನಲ್ಲಿಯೂ ಎದ್ದಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ ಮೊದಲಾದುವನ್ನು ದಾಖಲೆ ಮಾಡಿದ್ದರು. ಅಲ್ಲಿ ಹುಟ್ಟಿ 39ರಿಂದ 60 ವರ್ಷದವರಾಗಿದ್ದ 506 ಮಂದಿಯ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಗಿಡ್ಡವಾಗಿಯೂ ಉದ್ದಕ್ಕೆ ಮೀರಿ ದಪ್ಪವಾಗಿಯೂ ಇದ್ದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ಉದ್ದಕ್ಕೆ ಮೀರಿದ ದಪ್ಪವಿದ್ದವರಲ್ಲಿ ಗ್ಲೂಕೋಸಿನ ತರುವಾಯದ ಮೊದಲ ಅರ್ಧ ಗಂಟೆಯ ಇನ್ಸುಲಿನ್ ಏರಿಕೆಯೂ ಕುಗ್ಗಿದ್ದಿತು. ಇದು ಗ್ರಂಥಿಯ ಬಲಹೀನತೆಯ ಕುರುಹು.

ಹೈದರಾಬಾದಿನ ಹಳ್ಳಿಗಳ ಹೋಲಿಕೆಯಲ್ಲಿ ಎರಡು ಪಂಗಡಗಳನ್ನೂ ಅಳೆದುದು ಒಂದೇ ಅಳತೆಯಿಂದ. ಆದುದರಿಂದ ಅವುಗಳ ನಡುವಣ ಅಂತರಕ್ಕೆ ಬೆಲೆಯುಂಟು. ಆದರೆ ಒಂದು ಊರಿನ ಅಂಕಿಯನ್ನು ಇನ್ನೊಂದು ಊರಿನ ಅಂಕಿಯೊಡನೆ, ಒಂದು ದಶಕದ್ದನ್ನು ಇನ್ನೊಂದು ದಶಕದ್ದರೊಡನೆ ಹೋಲಿಸುವ ಮುನ್ನ, ಅಳೆದ ಪ್ರತಿಕಾಯ ಯಾವ ನೆಲೆಗೆ ಅಂಟಿತ್ತೆಂದು ಕೇಳತಕ್ಕದ್ದು ಅವಶ್ಯ. ಆ ಉತ್ತರವಿಲ್ಲದ ಅಂಕಿಯಿಂದ, ಇನ್ಸುಲಿನ್ ಬೇಕಾದ ರೋಗಿಗೆ ಅದು ಸಾಕಷ್ಟಿದೆಯೆಂಬ ತಪ್ಪು ತೀರ್ಮಾನ ಬರಬಹುದು.