ನಿಮಗಿದು ಗೊತ್ತೇ? ಬೈಬಲ್ಲಿನ ವಚನಕ್ಕೆ ಹಿಂದೆ ಮುಂದೆ ಉಂಟು

ಶರಣರ ವಚನ ಬೇರೆ, ಬೈಬಲ್ಲಿನ ವಚನ ಬೇರೆ. ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನ ವಚನ ಅಂಕಿತ ಬಂದಲ್ಲಿಗೆ ಮುಗಿಯುತ್ತದೆ, ತನ್ನಷ್ಟಕ್ಕೆ ತಾನೇ ಪೂರ್ಣ. ಬೈಬಲ್ಲಿನ ವಚನ ಹಾಗಲ್ಲ. ಅದು ಹುಡುಕಲು ಅನುಕೂಲವಾಗಲೆಂದು ಆಮೇಲೆ ಹಾಕಿದ ಅಂಕಿ. ಅಧ್ಯಾಯಗಳನ್ನು ಸ್ಟೀಫನ್ ಲ್ಯಾಂಗ್ಟನ್ ವಿಂಗಡಿಸಿದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಕೊಟ್ಟವನು ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಪೌಲ ಬರೆದದ್ದು ಕಾಗದ. ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ 3ರಿಂದ 14ರವರೆಗಿನ 12 ವಚನಗಳು ಗ್ರೀಕ್ ಮೂಲದಲ್ಲಿ ಒಂದೇ ವಾಕ್ಯ!

ಹೊಸ ವರ್ಷದ ಆರಾಧನೆ ಮುಗಿಸಿ ಬರುವಾಗ ಕೈಗೆ ಸಿಗುವ ವಾಗ್ದಾನದ ಕಾರ್ಡಿನಲ್ಲಿ ಯೆರೆಮೀಯ 29:11 ಇದ್ದರೆ ಯಾರಿಗಾದರೂ ಹಿಗ್ಗು. ಒಳ್ಳೆಯದಾಗುತ್ತದೆ, ಮುಂದೆ ನಿರೀಕ್ಷೆಯಿದೆ ಎನ್ನುವ ಮಾತು ಅದು. ಆದರೆ ಅದರ ಹಿಂದಿನ ವಚನ ಓದಿದ್ದೀರಾ? 70 ವರ್ಷ ಕಾಯಬೇಕು ಎಂದಿದೆ. ಇದು ಬಾಬಿಲೋನಿಗೆ ಸೆರೆಹೋದವರಿಗೆ ಯೆರೂಸಲೇಮಿನಿಂದ ಹೋದ ಪತ್ರ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯನೆಂಬ ಪ್ರವಾದಿ ಜನರನ್ನು ನಂಬಿಸಿದ್ದ. ಅದು ಸುಳ್ಳು ಎನ್ನುತ್ತದೆ 28ನೇ ಅಧ್ಯಾಯ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ನೀವಿರುವ ಆ ಪರಊರಿಗಾಗಿಯೇ ಪ್ರಾರ್ಥಿಸಿ ಎಂದು ಬರೆದವನು ಯೆರೆಮೀಯ. ಪತ್ರ ಓದಿಸಿ ಕೇಳಿದ ಮುದುಕರಿಗೆ ತಾವು ಊರು ಕಾಣುವುದಿಲ್ಲ ಎಂಬುದು ಆ ಕ್ಷಣವೇ ತಿಳಿದಿರಬೇಕು. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗಿ ತಗಡಿನ ಶೆಡ್ಡಿನಲ್ಲಿ ಬದುಕುವವರಿಗೆ ಈ ಅಧ್ಯಾಯದ ತೂಕ ನಮಗಿಂತ ಬೇಗ ತಿಳಿದೀತು. ಕಾರ್ಡಿನ ವಚನ ಇಲ್ಲಿ ಚಿಕ್ಕದಾಗುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ.

ಮಸ್ಕಿಯ ಬಂಡೆ ಗೊತ್ತಲ್ಲ? ದೇಶದ ಉದ್ದಗಲಕ್ಕೂ ಅದುವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಕೊರೆದಿತ್ತು. ಆ ಒಂದು ಬಂಡೆ ಉಳಿದ ಬಂಡೆಗಳ ಮಾತನ್ನು ಖಚಿತ ಮಾಡಿತು. ಬೈಬಲ್ ಓದುವ ಹಳೆಯ ಸೂತ್ರವೂ ಇದೇ: ಮಸುಕಾದದ್ದನ್ನು ಸ್ಪಷ್ಟವಾದದ್ದರಿಂದ ಓದು. ಲೂಕ 14:26ರಲ್ಲಿ ತಂದೆತಾಯಿಯನ್ನು ದ್ವೇಷಿಸಬೇಕು ಎಂದು ಕಂಡು ಬೆಚ್ಚಿದವರು ಮತ್ತಾಯ 10:37 ತೆರೆಯಲಿ. ಯೇಸುವಿಗಿಂತ ಅವರನ್ನು ಹೆಚ್ಚಾಗಿ ಪ್ರೀತಿಸಬಾರದು ಎಂಬುದಷ್ಟೇ ಅಲ್ಲಿನ ಮಾತು. ಹೆತ್ತವರನ್ನು ಬಿಟ್ಟುಬಿಡಲು ಈ ವಚನ ಅಪ್ಪಣೆ ಕೊಡುವುದಿಲ್ಲ.

ಕನ್ನಡ ಬೈಬಲ್ಲಿನ 'ಮುಂಗಾರು ಹಿಂಗಾರು' ನಮ್ಮ ಮುಂಗಾರು ಹಿಂಗಾರಲ್ಲ. ಇಸ್ರಾಯೇಲಿನಲ್ಲಿ ಮುಂಗಾರು ಎಂದರೆ ಅಕ್ಟೋಬರ್–ನವೆಂಬರಿನ ಮಳೆ, ಹಿಂಗಾರು ಎಂದರೆ ಮಾರ್ಚ್–ಏಪ್ರಿಲಿನದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆಯೇ ಇಲ್ಲವೆನ್ನಬಹುದು. ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಅವರಲ್ಲಿ ಮುಂಗಾರು ಶುರು. ಯಾಕೋಬನ ಪತ್ರದ ರೈತ ಎರಡೂ ಮಳೆಗೆ ತಾಳ್ಮೆಯಿಂದ ಕಾಯುತ್ತಾನೆ ಎಂದರೆ ಬಿತ್ತನೆಯಿಂದ ಕಾಳು ಕಟ್ಟುವವರೆಗೆ, ಇಡೀ ಹಂಗಾಮು ಕಾಯುತ್ತಾನೆ ಎಂದರ್ಥ.

ಕೆಲವು ಕಡೆ ಅರ್ಥ ಮಾಡಿಕೊಳ್ಳುವುದು ನಮ್ಮವರಿಗೇ ಹೆಚ್ಚು ಸಲೀಸು. ನಾಲ್ವರು ಮಾಳಿಗೆ ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಕೆಳಗಿಳಿಸಿದ ಮಾರ್ಕ 2ರ ಕಥೆಯನ್ನು ಹೆಂಚಿನ ಮನೆಯವರಿಗೆ ಬಿಡಿಸಿ ಹೇಳಬೇಕು. ಮೇಲುಮುದ್ದೆಯ ಮನೆಯಲ್ಲಿ ಬೆಳೆದವರಿಗೆ ಬೇಡ: ತೊಲೆ, ಜಂತೆ, ಮೇಲೆ ಮಣ್ಣು, ಹತ್ತಲು ಮೆಟ್ಟಿಲು. ಅಗೆದರೆ ದಾರಿ ಆಯಿತು, ಮುಚ್ಚಿದರೆ ಮಾಳಿಗೆ ಆಯಿತು. ಹಾಗೆಯೇ ಲವೊದಿಕೀಯ ಸಭೆಗೆ ಹೇಳಿದ ಬಿಸಿ–ತಣ್ಣಗಿನ ಮಾತು. ಬಿಸಿ ಎಂದರೆ ಭಕ್ತಿ, ತಣ್ಣಗೆ ಎಂದರೆ ಭಕ್ತಿಹೀನತೆ ಎನ್ನುವವರು ರಾಯಚೂರಿನ 40 ಡಿಗ್ರಿ ದಾಟಿದ ಮೇ ತಿಂಗಳಲ್ಲಿ ಮಡಕೆಯ ನೀರು ಕುಡಿದು ನೋಡಲಿ. ಲವೊದಿಕೀಯದ ಹತ್ತಿರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆ, ಕೊಲೊಸ್ಸೆಯಲ್ಲಿ ತಣ್ಣೀರು. ಎರಡೂ ಉಪಯೋಗದವೇ, ಉಗುಳುವಂಥದ್ದು ಉಗುರುಬೆಚ್ಚಗಿನದು.

ಇಂಗ್ಲಿಷಿನಲ್ಲಿ ಕಳೆದುಹೋಗುವ ಒಂದು ಸೂಕ್ಷ್ಮ ಕನ್ನಡದಲ್ಲಿ ಉಳಿಯುತ್ತದೆ. ಲೂಕ 22:31ರಲ್ಲಿ ಸೈತಾನನು ಕೇಳಿಕೊಂಡದ್ದು 'ನಿಮ್ಮನ್ನು', ಶಿಷ್ಯರೆಲ್ಲರನ್ನೂ. ಮುಂದಿನ ವಚನದಲ್ಲಿ ಯೇಸು ಪ್ರಾರ್ಥಿಸಿದ್ದು 'ನಿನಗಾಗಿ', ಪೇತ್ರನೊಬ್ಬನಿಗಾಗಿ. ಆದರೆ ನಮ್ಮ 'ನೀವು' ಗೌರವಕ್ಕೂ ಬರುವುದರಿಂದ ಎಚ್ಚರ ಬೇಕು. 1 ಕೊರಿಂಥ 3:16ರಲ್ಲಿ ದೇವರ ಆಲಯ ಎಂದದ್ದು ಒಬ್ಬ ವ್ಯಕ್ತಿಯನ್ನಲ್ಲ, ಇಡೀ ಸಭೆಯನ್ನು.

ಪೂರ್ಣ ಬೈಬಲ್ ಕನ್ನಡಕ್ಕೆ ಬಂದದ್ದು ತುಂಗಭದ್ರೆಯ ಆಚೆಯ ಬಳ್ಳಾರಿಯ ದುಡಿಮೆಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು. 1830ರ ದಶಕದ ಆರಂಭಕ್ಕೆ ಅನುವಾದ ಪೂರ್ತಿಯಾಗಿತ್ತು. ರಾಯಚೂರಿನ ಮೆಥಡಿಸ್ಟರ ಬೈಬಲ್ಲಿನಲ್ಲಿ 66 ಪುಸ್ತಕ, ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಮಾನ್ವಿಯ ಕಥೋಲಿಕರದರಲ್ಲಿ 73. ತೆಲುಗೂ ಬಲ್ಲವರು ಎರಡು ಅನುವಾದ ಪಕ್ಕಪಕ್ಕ ಇಟ್ಟು ಓದಲಿ, ಎಷ್ಟೋ ಗಂಟು ಅಲ್ಲೇ ಬಿಚ್ಚುತ್ತದೆ.

ಇನ್ನೊಂದು ಮಾತು ಜೀವದ ಪ್ರಶ್ನೆ. ಹಾವು ಹಿಡಿದರೂ ವಿಷ ಕುಡಿದರೂ ಏನೂ ಆಗದು ಎನ್ನುವ ಮಾರ್ಕ 16:18 ಇರುವ ಭಾಗ, ಅಂದರೆ 9ರಿಂದ 20ನೇ ವಚನದವರೆಗಿನದು, 4ನೇ ಶತಮಾನದ ಸಿನೈ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. ಗದ್ದೆಯಲ್ಲಿ ನೀರು ಕಟ್ಟುವಾಗ ಹಾವು ಕಚ್ಚಿದವರಿಗೆ ಈ ವಚನ ಹೇಳಿ ಮನೆಯಲ್ಲಿ ಕೂರಿಸುವುದು ವಿಶ್ವಾಸವಲ್ಲ, ಅಪಾಯ. ರೋಗಿಗೆ ವೈದ್ಯ ಬೇಕು ಎಂದವನು ಯೇಸುವೇ. ಪೌಲನ ಜೊತೆಗಿದ್ದ ಲೂಕ ವೈದ್ಯ. ಮೊದಲು ಆಸ್ಪತ್ರೆಗೆ ಗಾಡಿ ಹತ್ತಿ. ಪ್ರಾರ್ಥನೆಯನ್ನು ದಾರಿಯಲ್ಲೇ ಮಾಡಬಹುದು.

ವಚನ ಬಾಯಿಪಾಠ ಬಂದರೆ ಸಾಕೇ? ಅರಣ್ಯದ ಶೋಧನೆಯಲ್ಲಿ ಸೈತಾನನೂ 91ನೇ ಕೀರ್ತನೆಯ ಮಾತನ್ನು ಹೇಳಿದ. ಯೇಸು ಅದಕ್ಕೆ ಧರ್ಮೋಪದೇಶಕಾಂಡದ ಇನ್ನೊಂದು ಮಾತಿನಿಂದ ಉತ್ತರ ಕೊಟ್ಟ. ಬೆರೋಯದವರಂತೂ ಪೌಲನಂಥ ಪೌಲ ಹೇಳಿದ್ದನ್ನೂ ದಿನದಿನವೂ ಶಾಸ್ತ್ರ ತೆರೆದು ಪರೀಕ್ಷಿಸಿದರು, ಅದಕ್ಕಾಗಿ ಬೈಬಲ್ ಅವರನ್ನು ಹೊಗಳಿದೆ.

ಈ ಭಾನುವಾರ ಪ್ರಸಂಗದಲ್ಲಿ ಕೇಳಿದ ವಚನವನ್ನು ಗುರುತು ಹಾಕಿಕೊಳ್ಳಿ. ಸಂಜೆ ಮನೆಯವರೆಲ್ಲ ಕೂತು ಅದರ ಹಿಂದಿನ ಅಧ್ಯಾಯವನ್ನೂ ಮುಂದಿನ ಅಧ್ಯಾಯವನ್ನೂ ಗಟ್ಟಿಯಾಗಿ ಓದಿ. ಅಕ್ಷರ ಬಾರದ ಅಜ್ಜಿಯೂ ಕೇಳಲಿ.