ನಲವತ್ತಡಿ ಹೋರ್ಡಿಂಗ್‌ಗೆ ಎಷ್ಟು ಪಿಕ್ಸೆಲ್ ಬೇಕು?

ರಾತ್ರಿ ಹನ್ನೊಂದೂವರೆಗೆ ಹುಬ್ಬಳ್ಳಿಯಿಂದ ಗೆಳೆಯನ ಫೋನ್. ಮನೆಯಲ್ಲೇ ಕೂತು ಬಿಲ್ಡರ್‌ಗಳಿಗೆ ತ್ರೀಡಿ ವ್ಯೂ ಮಾಡಿಕೊಡುವವನು. "ಲೇ, ಮಷೀನ್ ಸತ್ತೇ ಹೋಗ್ತೈತಿ. ರ‍್ಯಾಮ್ 128 ಜಿಬಿ ಮಾಡಿಸ್ತೀನಿ, ಹಂಗ ಹೊಸಾ ಗ್ರಾಫಿಕ್ಸ್ ಕಾರ್ಡೂ ತಗೋತೀನಿ. ಇಎಂಐ ಹಾಕ್ಸಿದ್ರಾತು" ಅಂದ. ಹೋದ ತಿಂಗಳಷ್ಟೇ ಬೈಕಿನ ಕಂತು ಮುಗಿಸಿ ಉಸಿರು ಬಿಟ್ಟಿದ್ದ.

ವಿಚಾರಿಸಿದರೆ, ಕ್ಲೈಂಟ್ 40 ಅಡಿ ಅಗಲ, 20 ಅಡಿ ಎತ್ತರದ ಹೋರ್ಡಿಂಗ್‌ಗೆ ಅಪಾರ್ಟ್‌ಮೆಂಟ್ ಚಿತ್ರ ಕೇಳಿದ್ದಾರೆ. ಜೊತೆಗೆ ವಾಟ್ಸ್ಆ್ಯಪ್‌ನಲ್ಲಿ ಒಂದೇ ಸಾಲು: "300 ಡಿಪಿಐ ಇರಲಿ."

ಫೋನ್ ಹಿಡಿದುಕೊಂಡೇ ಲೆಕ್ಕ ಹಾಕಿದೆವು. 40 ಅಡಿ ಅಂದರೆ 480 ಇಂಚು. ಇಂಚಿಗೆ 300 ಪಿಕ್ಸೆಲ್ ಹಿಡಿದರೆ ಅಗಲ 1,44,000, ಎತ್ತರ 72,000. ಒಟ್ಟು ಸಾವಿರ ಕೋಟಿಗೂ ಹೆಚ್ಚು ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಮೂರು ಬಣ್ಣ. 8 ಬಿಟ್‌ನಲ್ಲಿ ಒಂದೊಂದಕ್ಕೆ ಒಂದು ಬೈಟ್. ಒಂದೇ ಲೇಯರ್ 31 ಜಿಬಿ ಆಯಿತು. 16 ಬಿಟ್‌ನಲ್ಲಾದರೆ 62. ಎರಡು ಲೇಯರ್ ಇಟ್ಟರೆ ಅವನ 128 ಜಿಬಿ ಅಲ್ಲಿಗೇ ಮುಗಿಯಿತು, ಇಎಂಐ ಮಾತ್ರ ಉಳಿಯಿತು!

"ಅದನ್ನ ಎಷ್ಟು ದೂರದಿಂದ ನೋಡ್ತಾರೆ?" ಅಂತ ಕೇಳಿದೆ. ಅವನು ಅದನ್ನು ಯಾರಿಗೂ ಕೇಳಿರಲಿಲ್ಲ.

ಆರೋಗ್ಯವಂತ ಕಣ್ಣು ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರೆಯಾಗಿ ಗುರುತಿಸಬಲ್ಲದು. ಇದನ್ನು ಇಂಚಿನ ಲೆಕ್ಕಕ್ಕೆ ತಂದರೆ ಬಾಯಲ್ಲೇ ಹೇಳಬಹುದಾದ ಸೂತ್ರ ಸಿಗುತ್ತದೆ: 300 ಅನ್ನು ನೋಡುವ ದೂರದಿಂದ (ಅಡಿಯಲ್ಲಿ) ಭಾಗಿಸಿ. ಪುಸ್ತಕವನ್ನು ಒಂದಡಿ ದೂರದಲ್ಲಿ ಹಿಡಿದು ಓದುತ್ತೇವೆ, ಅದಕ್ಕೇ ಬ್ರೋಷರ್‌ಗೆ 300 ಸರಿ. ಹದಿನೈದು ಅಡಿ ದೂರಕ್ಕೆ 20 ಸಾಕು. ಅರವತ್ತಡಿ ಆಚೆಯ ರಸ್ತೆಯಿಂದ ನೋಡುವ ಹೋರ್ಡಿಂಗ್‌ಗೆ ಇಂಚಿಗೆ ಐದೇ ಪಿಕ್ಸೆಲ್! ಸುಳ್ಳು ಅನ್ನಿಸಿದರೆ ಕೆಳಗಡೆ ಕಟ್ಟಿರುವ ಯಾವುದಾದರೂ ದೊಡ್ಡ ಫ್ಲೆಕ್ಸ್ ಹತ್ತಿರ ಹೋಗಿ ಮೂಗು ಇಟ್ಟು ನೋಡಿ. ನಗುವ ಮುಖವೆಲ್ಲ ಬರೀ ಚುಕ್ಕಿ.

ಈ ಬುದ್ಧಿ ನನಗೂ ಮೊದಲಿನಿಂದ ಇದ್ದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಹೋರ್ಡಿಂಗ್‌ಗೆ ಇಂಚಿಗೆ 50ರಂತೆ 24,000 × 12,000 ಪಿಕ್ಸೆಲ್ ರೆಂಡರ್ ತೆಗೆದಿದ್ದೆ. 16 ಬಿಟ್‌ನಲ್ಲಿ ಲೇಯರ್‌ಗೆ 1.7 ಜಿಬಿ. ಸಂಜೆಯವರೆಗೆ ಫೈಲ್ ಸೇವ್ ಆಗುತ್ತಿತ್ತು. ರಾತ್ರಿ ಮೂರಕ್ಕೆ ಆಕಾಶದ್ದೊಂದು ಲೇಯರ್ ಸೇರಿಸಿದ್ದೇ ತಡ, ಸೇವ್ ಆಗಲ್ಲ ಅಂತು ಫೋಟೋಶಾಪ್. 2 ಜಿಬಿ ಮೀರಿದೆಯಂತೆ. ಕಂಪ್ಯೂಟರಿಗೇ ಏನೋ ಆಗಿದೆ ಅಂದುಕೊಂಡು ರೀಸ್ಟಾರ್ಟ್ ಮಾಡಿದೆ. ನಾಲ್ಕು ಗಂಟೆಯ ಕೆಲಸ ಹೋಯಿತು. ಬೆಳಿಗ್ಗೆ ಆರರ ಬಸ್ಸಿಗೆ ತಂಗಿಯ ಸೀಮಂತಕ್ಕೆ ಹೊರಡಬೇಕಿತ್ತು. ಆ ಫೋಟೋಗಳಲ್ಲಿ ನಾನಿಲ್ಲ.

ಪಿಎಸ್‌ಡಿ ಫೈಲಿಗೆ 2 ಜಿಬಿ ಮಿತಿ, ಒಂದು ಬದಿಗೆ 30,000 ಪಿಕ್ಸೆಲ್ ಮಿತಿ. ಅದೇ ಸೇವ್ ಪಟ್ಟಿಯಲ್ಲಿ 'ಲಾರ್ಜ್ ಡಾಕ್ಯುಮೆಂಟ್ ಫಾರ್ಮ್ಯಾಟ್' ಅಂತ ಇರುತ್ತದೆ, ಪಿಎಸ್‌ಬಿ. ಅದರಲ್ಲಿ ಒಂದು ಬದಿಗೆ 3,00,000 ಪಿಕ್ಸೆಲ್‌ವರೆಗೆ ಹೋಗಬಹುದು. ಎರಡು ಕ್ಲಿಕ್ಕಿನ ಕೆಲಸ, ಗೊತ್ತಿರಬೇಕಷ್ಟೆ.

ಹಾಗಂತ ದೊಡ್ಡ ಚಿತ್ರ ಎಲ್ಲೂ ಬೇಡ ಅಂತಲ್ಲ. ಬಿಲ್ಡರ್ ಆಫೀಸಿನೊಳಗೆ 12 ಅಡಿ × 8 ಅಡಿಯ ಗೋಡೆಗೆ ಚಿತ್ರ ಅಂಟಿಸುತ್ತಾರಲ್ಲ, ಅದರ ಮುಂದೆ ಜನ ಮೂರಡಿ ದೂರದಲ್ಲಿ ನಿಂತು "ನಮ್ ಬಾಲ್ಕನಿ ಯಾವ್ದು?" ಅಂತ ಬೆರಳಿಟ್ಟು ಹುಡುಕುತ್ತಾರೆ. ಅಲ್ಲಿ ಇಂಚಿಗೆ 100 ಬೇಕೇ ಬೇಕು: 14,400 × 9,600. ಲೇಯರ್‌ಗೆ 830 ಎಂಬಿ. ರಿಫ್ಲೆಕ್ಷನ್, ನೆರಳು, ಬೆಳಕು ಅಂತ ಎಂಟು ಪಾಸ್ ಇಟ್ಟರೆ ಆರೂವರೆ ಜಿಬಿ ದಾಟುತ್ತದೆ.

ಇಂಥ ಫೈಲನ್ನು ನಾನು ನೇರ ಮುಟ್ಟುವುದೇ ಇಲ್ಲ. ಕಾಲು ಭಾಗಕ್ಕೆ ಇಳಿಸಿದ ಕಾಪಿಯಲ್ಲಿ ಕ್ಲೈಂಟ್ ಜೊತೆ ಕೂತು ಬಣ್ಣ, ಬೆಳಕು ಎಲ್ಲ ತೀರ್ಮಾನ ಮಾಡಿ, ಆ ಅಡ್ಜಸ್ಟ್‌ಮೆಂಟ್ ಲೇಯರ್‌ಗಳನ್ನು ದೊಡ್ಡ ಫೈಲಿಗೆ ಎಳೆದು ಹಾಕುತ್ತೇನೆ. ಕರ್ವ್ಸ್‌ಗೆ ಪಿಕ್ಸೆಲ್ ಲೆಕ್ಕ ಬೇಕಿಲ್ಲ. ಬ್ಲರ್, ಗ್ಲೋ, ಶಾರ್ಪನ್‌ಗೆ ಬೇಕು: ಚಿಕ್ಕದರಲ್ಲಿ ರೇಡಿಯಸ್ 5 ಇದ್ದರೆ ದೊಡ್ಡದರಲ್ಲಿ 20 ಮಾಡಬೇಕು. ಇದನ್ನು ಮರೆತವರ ಚಿತ್ರದಲ್ಲಿ ಸಂಜೆಯ ದೀಪಗಳ ಹೊಳಪೇ ಮಾಯ. ಗಾಜಿನಲ್ಲಿ ಮಾತ್ರ ನಾಯ್ಸ್ ಇದ್ದರೆ ಆ ಜಾಗವಷ್ಟನ್ನೇ ಮತ್ತೆ ರೆಂಡರ್ ಮಾಡಿ ತೇಪೆ ಹಾಕಿದರಾಯಿತು, ಪೂರ್ತಿ ಚಿತ್ರ ಬೇಡ. 8 ಬಿಟ್‌ಗೆ ಮೊದಲೇ ಇಳಿಸಿದರೆ ಆಕಾಶದಲ್ಲಿ ಪಟ್ಟಿ ಪಟ್ಟಿ ಏಳುತ್ತದೆ, ಅದು ಕೊನೆಯಲ್ಲಿ ಇರಲಿ. ಇನ್ನು ಸ್ಕ್ರ್ಯಾಚ್ ಡಿಸ್ಕ್. ರ‍್ಯಾಮ್ ತುಂಬಿದಾಗ ಫೋಟೋಶಾಪ್ ಡ್ರೈವ್ ಮೇಲೆ ಬರೆದುಕೊಳ್ಳುತ್ತದೆ. ಕಿಟಕಿಯ ಕೆಳಗಿನ ಪಟ್ಟಿಯಲ್ಲಿ 'ಎಫಿಶಿಯೆನ್ಸಿ' ಆಯ್ಕೆ ಮಾಡಿ ನೋಡುತ್ತಿರಿ. 100ಕ್ಕಿಂತ ಕೆಳಗೆ ಬಂದರೆ ಅದೇ ನಡೆಯುತ್ತಿದೆ ಅಂತ. ಆಗ ಜಾಗ ಖಾಲಿ ಇರುವ ಎಸ್‌ಎಸ್‌ಡಿ ಇದ್ದರೆ ಬಚಾವ್.

ಮರುದಿನ ಗೆಳೆಯ ನೇರವಾಗಿ ಫ್ಲೆಕ್ಸ್ ಪ್ರಿಂಟ್ ಮಾಡುವವರಿಗೇ ಫೋನ್ ಮಾಡಿದ. ಅವರು ನಕ್ಕರಂತೆ. "ಸರ, 4 ಬೈ 2 ಫೂಟ್ ಸೈಜಿನಾಗ 200 ಇಟ್ಟು ಕಳಸ್ರಿ. ಹತ್ತು ಪಟ್ಟು ನಾವ್ ಮಾಡ್ಕೋತೀವ್ರಿ."

ಅಂದರೆ 9,600 × 4,800. ಪೂರ್ತಿ ಅಳತೆಗೆ ಹಿಗ್ಗಿಸಿದಾಗ ಇಂಚಿಗೆ ಸರಿಯಾಗಿ 20. ಲೇಯರ್‌ಗೆ 276 ಎಂಬಿ. ಹಳೇ ಮಷೀನಿನಲ್ಲೇ ರೆಂಡರ್‌ಗೆ ಹಾಕಿ ಮಲಗಿದ, ಬೆಳಿಗ್ಗೆ ಆಗಿತ್ತು. ಗ್ರಾಫಿಕ್ಸ್ ಕಾರ್ಡಿನ ಲಿಂಕ್ ಮಾತ್ರ ಈಗಲೂ ನನಗೆ ಆಗಾಗ ಕಳಿಸುತ್ತಿರುತ್ತಾನೆ.