ಏರುವ ಮೊದಲು ಪಾದ ನೋಡಿ

ಮೈಸೂರು ದಸರಾ ಮೆರವಣಿಗೆಯಲ್ಲಿ ಆನೆಯ ಕತ್ತಿನ ಮೇಲೆ ಕುಳಿತ ಮಾವುತನನ್ನು ನೋಡಿದ್ದೀರಿ. ಆ ವಿದ್ಯೆ ಎಲ್ಲಿಂದ ಆರಂಭವಾಗುತ್ತದೆ ಗೊತ್ತೇ? ಆನೆಯ ಕಾಲ ಬಳಿಯಿಂದ.

ಕೊಡಗಿನ ದುಬಾರೆ ಆನೆ ಶಿಬಿರವನ್ನೇ ತೆಗೆದುಕೊಳ್ಳಿ. ಇಲ್ಲಿ ಮಾವುತನ ಸಹಾಯಕನಿಗೆ ಕಾವಾಡಿ ಎಂದು ಹೆಸರು. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಯನ್ನು ಬೆಳಿಗ್ಗೆ ಹುಡುಕಿ ತರುವುದು, ಕಾವೇರಿಯಲ್ಲಿ ಮಲಗಿಸಿ ಮೈ ಉಜ್ಜುವುದು, ರಾಗಿ ಮುದ್ದೆ, ಬೆಲ್ಲ ತಿನ್ನಿಸುವುದು ದಿನನಿತ್ಯದ ಕೆಲಸ. ಸ್ನಾನದ ಹೊತ್ತೇ ತಪಾಸಣೆಯ ಹೊತ್ತು. ಚರ್ಮದಲ್ಲಿ ಹುಣ್ಣಿದೆಯೇ, ಅಂಗಾಲಿಗೆ ಕಲ್ಲು ಚುಚ್ಚಿದೆಯೇ, ಉಗುರು ಸೀಳಿದೆಯೇ ಎಂದು ಕೈಯಾಡಿಸಿ ನೋಡಬೇಕು. ಟನ್‌ಗಟ್ಟಲೆ ಭಾರ ಹೊರುವ ಪಾದ ಕೆಟ್ಟರೆ ಆನೆಯೇ ಕುಸಿದಂತೆ. ಹೊಟ್ಟೆಯ ಆರೋಗ್ಯವನ್ನು ಲದ್ದಿ ಹೇಳುತ್ತದೆ.

ಸವಾರಿಗೆ ಲಗಾಮಿಲ್ಲ. ಕತ್ತಿನ ಮೇಲೆ ಕುಳಿತು ಕಿವಿಗಳ ಹಿಂದೆ ಕಾಲ್ಬೆರಳಿನಿಂದ ಒತ್ತಿ, ಮಾತಿನಲ್ಲಿ ಸೂಚನೆ ಕೊಡಬೇಕು. ಗುರುತಿಲ್ಲದವರ ಮಾತನ್ನು ಆನೆ ಕೇಳಲೇಬೇಕೆಂದಿಲ್ಲ.

ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆಯೊಡನೆ ಸೆಣಸಿ ಮಡಿದಾಗ, ಅವನ ಮಾವುತ ಮನೆಯವರನ್ನೇ ಕಳೆದುಕೊಂಡಂತೆ ಅತ್ತದ್ದನ್ನು ನಾಡೇ ಕಂಡಿತು. ಅಂಥ ನಂಟು ಒಂದು ದಿನದಲ್ಲಿ ಬೆಳೆಯದು. ಆದರೆ ಒಂದು ದಿನ ಹತ್ತಿರದಿಂದ ನೋಡಿದರೂ ಸಾಕು, ಆನೆಯ ಬೆನ್ನಿಗಿಂತ ಅದರ ಪಾದ ದೊಡ್ಡದೆಂದು ನಿಮಗೆ ತಿಳಿಯುತ್ತದೆ.